ತೋಟ ಯಾರ ಕೈಗೆ ಕೊಡೋಣ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅಪಾರ್ಟ್‌ಮೆಂಟ್ ಮತ್ತು ಲೇಔಟ್ ತೋಟಗಳದ್ದೇ ಜಾಸ್ತಿ. ಏಪ್ರಿಲ್‌ಗೆ ಹೊಸ ಗುತ್ತಿಗೆ ಮಾಡುವ ಅಸೋಸಿಯೇಷನ್‌ಗಳು ಬಹಳ ಇವೆ, ಅದಕ್ಕೇ ಇರಬೇಕು. ನಮ್ಮ ಅಪಾರ್ಟ್‌ಮೆಂಟಿನ ತೋಟದ ಉಸ್ತುವಾರಿಯನ್ನು ನಾನು ಹನ್ನೊಂದು ವರ್ಷ ನೋಡಿಕೊಂಡಿದ್ದೇನೆ. ಆ ಅನುಭವದ ಮೇಲೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮದು ವೈಟ್‌ಫೀಲ್ಡ್ ಕಡೆ 144 ಮನೆಗಳ ಅಪಾರ್ಟ್‌ಮೆಂಟ್. ಮುಕ್ಕಾಲು ಎಕರೆ ತೋಟ, ಅದರಲ್ಲಿ ಅರ್ಧದಷ್ಟು ಲಾನ್. ಈಗಿನ ಏಜೆನ್ಸಿಯನ್ನು ಬಿಟ್ಟು ಬೇರೆಯವರನ್ನು ನೋಡುತ್ತಿದ್ದೇವೆ. ತಿಂಗಳಿಗೆ 38,000, 61,000, 74,000 ಹೀಗೆ ಮೂರು ಕೊಟೇಷನ್ ಬಂದಿವೆ, ಎಲ್ಲವೂ ಜಿಎಸ್‌ಟಿ ಸೇರಿ. ಮೂವರೂ ಮೂರು ಜನ ಮಾಲಿಗಳನ್ನು ಕೊಡುತ್ತೇವೆ ಅನ್ನುತ್ತಾರೆ. ಕಮಿಟಿಯಲ್ಲಿ ಹೆಚ್ಚಿನವರು 38,000ದ ಕಡೆ ಇದ್ದಾರೆ. ಇನ್ನೊಂದು ವಿಷಯ, ಪ್ರತಿ ಬೇಸಿಗೆಯಲ್ಲೂ ಲಾನ್ ಹಳದಿಯಾಗುತ್ತದೆ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರು ಸರಿಯಿಲ್ಲ ಎಂದು ಏಜೆನ್ಸಿ ಹೇಳುತ್ತದೆ. ಯಾರನ್ನು ಆರಿಸಬೇಕು?
— ಅಸೋಸಿಯೇಷನ್ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಮೊದಲು ಆ 38,000ವನ್ನು ಬಿಡಿಸಿ ನೋಡೋಣ. ಶೇಕಡಾ 18 ಜಿಎಸ್‌ಟಿ ತೆಗೆದರೆ ಉಳಿಯುವುದು ಸುಮಾರು 32,200. ಮೂರು ಜನಕ್ಕೆ ಹಂಚಿದರೆ ತಲೆಗೆ 10,700. ಪಿಎಫ್, ಇಎಸ್‌ಐ, ಗೊಬ್ಬರ, ಹುಲ್ಲು ಕತ್ತರಿಸುವ ಮಷಿನ್ನಿಗೆ ಪೆಟ್ರೋಲ್, ಏಜೆನ್ಸಿಯ ಲಾಭ ಎಲ್ಲಾ ಇದರಲ್ಲೇ ಆಗಬೇಕು. ಬೆಂಗಳೂರಲ್ಲಿ ಈ ದುಡ್ಡು ಕನಿಷ್ಠ ಕೂಲಿಗೂ ಸಾಲುವುದಿಲ್ಲ. ಹಾಗಾಗಿ ಒಂದೋ ಮೂರು ಜನ ಬರುವುದಿಲ್ಲ, ಇಲ್ಲವೇ ಬಂದವರಿಗೆ ಸಿಗಬೇಕಾದಷ್ಟು ಸಂಬಳ ಸಿಗುವುದಿಲ್ಲ. ಎರಡನೆಯದಾದರೆ ಅದು ನಿಮ್ಮ ಗೇಟಿನ ಒಳಗೆ, ನಿಮ್ಮ ಹೆಸರಲ್ಲಿ ನಡೆಯುವ ಅನ್ಯಾಯ. ಕಮಿಟಿ ಸಭೆಯಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ, ಹೆಚ್ಚು ಮಾತಾಡುವುದೇ ಬೇಡ.

ನಾವೂ ಒಂದು ವರ್ಷ ಎಲ್ಲಕ್ಕಿಂತ ಕಡಿಮೆ ಕೊಟೇಷನ್ ಒಪ್ಪಿದ್ದೆವು. ಕಾಗದದಲ್ಲಿ ಮೂವರು ಮಾಲಿಗಳು, ತೋಟದಲ್ಲಿ ಹೆಚ್ಚಿನ ದಿನ ಒಬ್ಬ. ಆ ಒಬ್ಬನೂ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ. ಯಾವ ವಾಲ್ವ್ ಯಾವ ಪಾತಿಗೆ ನೀರು ಬಿಡುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ಅವನು ಹೋಗಿಯಾಗಿರುತ್ತಿತ್ತು. ಮಕ್ಕಳು ತಮ್ಮ ಕೈಯಾರೆ ನೆಟ್ಟಿದ್ದ ಹದಿನೆಂಟು ಸಂಪಿಗೆ ಸಸಿಗಳು ಆ ಮೇ ತಿಂಗಳಲ್ಲಿ ಒಣಗಿದವು. ನನಗೆ ಇವತ್ತಿಗೂ ಅದು ನೋವಿನ ವಿಷಯ.

ಉಳಿದ ಇಬ್ಬರನ್ನು ಕರೆಸಿ. ಮಾಲಿಯ ಕೈಗೆ ಎಷ್ಟು ಸೇರುತ್ತದೆ, ಪಿಎಫ್ ಇಎಸ್‌ಐಗೆ ಎಷ್ಟು, ಗೊಬ್ಬರಕ್ಕೆ, ಮಷಿನ್‌ಗೆ, ತಮ್ಮ ಲಾಭಕ್ಕೆ ಎಷ್ಟು ಎಂದು ಬಿಡಿಸಿ ಬರೆದುಕೊಡಲು ಹೇಳಿ. ಒಳ್ಳೆಯ ಕಾಂಟ್ರಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಗೇ ಇನ್ನೊಂದು ರೇಟನ್ನೂ ಕೇಳಿ: ಕಾಯಂ ಇಬ್ಬರು ಅನುಭವಿ ಮಾಲಿಗಳು, ಹದಿನೈದು ದಿನಕ್ಕೊಮ್ಮೆ ಮಷಿನ್ ಸಮೇತ ಬರುವ ನಾಲ್ಕು ಜನರ ತಂಡ. ಮುಕ್ಕಾಲು ಎಕರೆಗೆ ಕೆಲಸ ಗೊತ್ತಿಲ್ಲದ ಮೂವರಿಗಿಂತ ಇದು ಎಷ್ಟೋ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ಈಗ ಲಾನ್ ವಿಷಯಕ್ಕೆ ಬರೋಣ. ಏಜೆನ್ಸಿ ಹೇಳಿದ್ದರಲ್ಲಿ ಸತ್ಯ ಇರಬಹುದು, ಸುಮ್ನೆ ನೆಪ ಅಂತ ತಳ್ಳಿಹಾಕಬೇಡಿ. ನಿಮ್ಮ ಲಾನ್ ಹೆಚ್ಚುಕಡಿಮೆ 1,500 ಚದರ ಮೀಟರ್ ಆಗುತ್ತದೆ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಹಿಡಿದರೂ 7,500 ಲೀಟರ್ ಸಾಕು. 144 ಮನೆಗಳ ಎಸ್‌ಟಿಪಿಯಿಂದ ಇದಕ್ಕಿಂತ ಎಷ್ಟೋ ಪಟ್ಟು ನೀರು ಬರುತ್ತದೆ. ಹಾಗಾಗಿ ತೊಂದರೆ ಇರುವುದು ಬಹುಶಃ ನೀರಿನ ಗುಣದಲ್ಲಿ. ನಿಮ್ಮಲ್ಲಿ ಬೋರ್‌ವೆಲ್‌ನ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಇದೆಯಾ ನೋಡಿ. ಸಾಫ್ಟ್‌ನರ್‌ಗೆ ಮೂಟೆಗಟ್ಟಲೆ ಉಪ್ಪು ಹಾಕುತ್ತಾರಲ್ಲ, ಅದನ್ನು ತೊಳೆದ ಉಪ್ಪುನೀರು ಎಷ್ಟೋ ಕಡೆ ನೇರ ಎಸ್‌ಟಿಪಿಗೇ ಹೋಗುತ್ತದೆ. ಎಸ್‌ಟಿಪಿ ಕೊಳೆ ತೆಗೆಯುತ್ತದೆ, ಉಪ್ಪು ತೆಗೆಯುವುದಿಲ್ಲ. ಆ ಉಪ್ಪಿನ ಸೋಡಿಯಂ ವರ್ಷಗಟ್ಟಲೆ ಮಣ್ಣಿಗೆ ಸೇರಿದರೆ ಮಣ್ಣು ಬಿಗಿಯಾಗಿ ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಆಡುವುದಿಲ್ಲ, ಹುಲ್ಲು ಹಳದಿಯಾಗುತ್ತದೆ. ಅಂಥಾ ಮಣ್ಣಿಗೆ ಎಷ್ಟು ಯೂರಿಯಾ ಹಾಕಿದರೂ ಪ್ರಯೋಜನ ಇಲ್ಲ.

ಅದಕ್ಕೇ, ಕಾಂಟ್ರಾಕ್ಟರ್ ಆರಿಸುವ ಮೊದಲೇ ಒಂದು ಬಾಟಲಿ ಎಸ್‌ಟಿಪಿ ನೀರು, ಲಾನಿನ ನಾಲ್ಕೈದು ಕಡೆಯಿಂದ ತೆಗೆದು ಬೆರೆಸಿದ ಅರ್ಧ ಕಿಲೋ ಮಣ್ಣು, ಎರಡನ್ನೂ ಪರೀಕ್ಷೆಗೆ ಕೊಡಿ. ಮಣ್ಣಿಗೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಆ ವರದಿಯನ್ನು ಇಬ್ಬರ ಕೈಗೂ ಕೊಟ್ಟು "ಇದಕ್ಕೆ ಏನು ಮಾಡುತ್ತೀರಿ?" ಅಂತ ಕೇಳಿ. ಇದಕ್ಕಿಂತ ಒಳ್ಳೆಯ ಸಂದರ್ಶನ ಬೇರೆ ಇಲ್ಲ. ಜಿಪ್ಸಂ ಕೊಡೋಣ, ನೆಲಕ್ಕೆ ಕಬ್ಬಿಣದ ಹಲ್ಲಿನಿಂದ ತೂತು ಹೊಡೆದು ಮರಳು ಮತ್ತು ಗೊಬ್ಬರ ತುಂಬೋಣ, ಸಾಫ್ಟ್‌ನರ್ ನೀರನ್ನು ಎಸ್‌ಟಿಪಿಗೆ ಬಿಡದೆ ಬೇರೆ ದಾರಿ ನೋಡಿ ಅನ್ನುವವನು ಕೆಲಸ ಬಲ್ಲವನು. "ಹಳೆಯ ಲಾನ್ ಕಿತ್ತು ಹೊಸಾ ಮೆಕ್ಸಿಕನ್ ಗ್ರಾಸ್ ಹಾಸಿಬಿಡೋಣ ಸರ್" ಅನ್ನುವವನನ್ನು ಕಳಿಸಿಬಿಡಿ. ಅದೇ ಮಣ್ಣು, ಅದೇ ನೀರು ಇರುವಾಗ ಹೊಸ ಹುಲ್ಲೂ ಮುಂದಿನ ಬೇಸಿಗೆಗೆ ಹಳದಿಯೇ. ಕಟ್ಟಡದ ನೆರಳು ಬೀಳುವ ಜಾಗದಲ್ಲಂತೂ ಮೆಕ್ಸಿಕನ್ ಗ್ರಾಸ್ ಬಾಳುವುದಿಲ್ಲ. ಅಲ್ಲಿ ಬಫಲೋ ಗ್ರಾಸ್ ಸ್ವಲ್ಪ ತಡೆಯುತ್ತದೆ. ಗಾಢ ನೆರಳಾದರೆ ಹುಲ್ಲಿನ ಆಸೆಯನ್ನೇ ಬಿಟ್ಟು ನೆರಳಿನ ಗಿಡ ಹಾಕಿ.

ಕಾವೇರಿ ನೀರು ಬಿಟ್ಟು ಲಾನ್ ಉಳಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತ್ತು. ದಂಡದ ಮಾತು ಹಾಗಿರಲಿ, ಪಕ್ಕದ ಬೀದಿಯಲ್ಲಿ ಜನ ಕೊಡ ಹಿಡಿದು ಟ್ಯಾಂಕರ್ ಕಾಯುತ್ತಿರುವಾಗ ನಾವು ಹುಲ್ಲಿಗೆ ಕುಡಿಯುವ ನೀರು ಸುರಿಯುವುದು ಸರಿಯಾ?

ಇಷ್ಟಾದ ಮೇಲೆ ಅವರು ನೋಡಿಕೊಳ್ಳುತ್ತಿರುವ ಒಂದು ತೋಟವನ್ನು ಕಣ್ಣಾರೆ ನೋಡಿ ಬನ್ನಿ. ಮೊಬೈಲಿನ ಫೋಟೊ ನೋಡಿ ತೀರ್ಮಾನ ಮಾಡಬೇಡಿ, ಗಿಡ ನೆಟ್ಟ ವಾರದಲ್ಲಿ ಎಲ್ಲಾ ತೋಟವೂ ಚೆಂದವೇ. ಎರಡು ವರ್ಷಕ್ಕಿಂತ ಜಾಸ್ತಿ ಅವರ ಕೈಯಲ್ಲಿರುವ ತೋಟ ಆಗಬೇಕು, ಸುಡುಬೇಸಿಗೆಯಲ್ಲೇ ಹೋಗಬೇಕು, ಹೇಳದೆ ಹೋಗಬೇಕು. ಗೇಟಿನ ಹತ್ತಿರದ ಹೂವಿನ ಕುಂಡ ಬಿಟ್ಟು ಜನರೇಟರ್ ಹಿಂದಿನ ಮೂಲೆಗೆ ಹೋಗಿ ನೋಡಿ. ಹೆಡ್ಜ್ ಕೆಳಗೆ ಬಗ್ಗಿ ನೋಡಿ, ಬುಡದಲ್ಲಿ ಕಳೆ ಇದೆಯಾ, ಹನಿ ನೀರಿನ ಪೈಪು ಒಡೆದು ಬಿದ್ದಿದೆಯಾ ಅಂತ. ಆಮೇಲೆ ಅಲ್ಲಿನ ಮಾಲಿಯ ಜೊತೆ ಐದು ನಿಮಿಷ ಕೂತು ಮಾತಾಡಿ. ಎಷ್ಟು ವರ್ಷದಿಂದ ಇದ್ದೀಯಪ್ಪಾ, ಸಂಬಳ ಯಾವ ತಾರೀಖಿಗೆ ಬರುತ್ತದೆ, ರಜೆ ಹಾಕಿದರೆ ನಿನ್ನ ಬದಲು ಯಾರು ಬರುತ್ತಾರೆ? ಈ ಮೂರು ಪ್ರಶ್ನೆಗೆ ಬರುವ ಉತ್ತರದಲ್ಲಿ ಏಜೆನ್ಸಿಯ ಜಾತಕವೇ ಇರುತ್ತದೆ.

ಕರಾರು ಬರೆಯುವಾಗ "ತೋಟದ ಸಂಪೂರ್ಣ ನಿರ್ವಹಣೆ" ಅಂತ ಒಂದು ಸಾಲು ಬರೆದು ಸಹಿ ಹಾಕಬೇಡಿ, ಜಗಳ ಹುಟ್ಟುವುದೇ ಅಲ್ಲಿ. ಹುಲ್ಲು ಎಷ್ಟು ದಿನಕ್ಕೊಮ್ಮೆ ಕತ್ತರಿಸಬೇಕು, ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿ ವರ್ಷಕ್ಕೆ ಎಷ್ಟು ಸಲ, ಎಷ್ಟು ಮೂಟೆ, ಯಾರ ಖರ್ಚು, ಅವರು ನೆಟ್ಟ ಗಿಡ ಮೂರು ತಿಂಗಳೊಳಗೆ ಸತ್ತರೆ ಅವರೇ ಬದಲಿಸಬೇಕು, ಇವೆಲ್ಲಾ ಬರಹದಲ್ಲಿರಲಿ. ಬಿಲ್ಲನ್ನು ಮಾಲಿಗಳ ಹಾಜರಿಗೆ ಜೋಡಿಸಿ. ಗೈರಾದ ದಿನಕ್ಕೆ ಬದಲಿ ಕಳಿಸಲಿಲ್ಲವೋ, ಆ ದಿನದ ದುಡ್ಡು ಕಡಿತ. ಪಿಎಫ್, ಇಎಸ್‌ಐ ಕಟ್ಟಿದ ಚಲನ್ ಪ್ರತಿ ತಿಂಗಳ ಬಿಲ್ಲಿನ ಜೊತೆ ಬರಲಿ, ಅದರಲ್ಲಿ ನಿಮ್ಮ ಮಾಲಿಗಳ ಹೆಸರು ಇದೆಯಾ ಅಂತ ಓದಿ. ತೆಂಗಿನ ಮರ ಹತ್ತಿಸುವುದಿದ್ದರೆ ಹತ್ತುವವರಿಗೆ ವಿಮೆ ಇರಲೇಬೇಕು, ಇದರಲ್ಲಿ ರಾಜಿ ಬೇಡ. ಮರ ಕಡಿಯಲು, ದೊಡ್ಡ ಕೊಂಬೆ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕರ್ನಾಟಕದಲ್ಲಿ 1976ರಿಂದಲೇ ಅದಕ್ಕೆ ಕಾಯ್ದೆ ಇದೆ, "ನಮ್ಮ ಕಾಂಪೌಂಡಿನ ಮರ" ಅನ್ನುವುದು ಅಲ್ಲಿ ನಡೆಯುವುದಿಲ್ಲ. ಟಿಡಿಎಸ್ ಕಡಿತದ ಬಗ್ಗೆ ನಿಮ್ಮ ಆಡಿಟರ್ ಹತ್ತಿರ ಮೊದಲೇ ಮಾತಾಡಿ. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ, ಆಮೇಲೆ ಎರಡೂ ಕಡೆಯವರಿಗೆ ಒಂದು ತಿಂಗಳ ನೋಟಿಸ್ ಎಂದಿರಲಿ.

74,000ವೋ 61,000ವೋ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಮಣ್ಣಿನ ವರದಿ ಓದಿ ಯಾರು ಸರಿಯಾದ ಮಾತಾಡುತ್ತಾರೋ, ಯಾರ ಹಳೆಯ ಮಾಲಿ ನಗುತ್ತಾ ಮಾತಾಡುತ್ತಾನೋ ಅವರಿಗೆ ಕೊಡಿ.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮದು ಮೂರು ವರ್ಷದ ಹಿಂದೆ ಕೀ ಕೊಟ್ಟ ಕಟ್ಟಡ. ತೋಟ ಇರುವುದು ಪಾರ್ಕಿಂಗ್‌ನ ತಾರಸಿಯ ಮೇಲೆ. ಮಳೆಗಾಲದಲ್ಲಿ ಕೆಳಗೆ ಕಾರುಗಳ ಮೇಲೆ ನೀರು ತೊಟ್ಟಿಕ್ಕುತ್ತದೆ. ಹೊಸ ಕಾಂಟ್ರಾಕ್ಟರ್ ಮೂರು ಅಡಿ ಮಣ್ಣು ಏರಿಸಿ ಸಾಲಾಗಿ ತಾಳೆ ಜಾತಿಯ ಮರ, ಅಂಚಿಗೆ ಬಿದಿರು ಹಾಕುತ್ತೇನೆ ಅನ್ನುತ್ತಾರೆ. ಪ್ಲಾನ್ ನೋಡಲು ಬಹಳ ಚೆಂದ ಇದೆ. ಕೊಡಬಹುದಾ?
— ಕಮಿಟಿ ಸದಸ್ಯೆ, ಮಂಗಳೂರು

ಉತ್ತರ: ಕೊಡಬೇಡಿ ಮೇಡಂ, ಈಗಲೇ ಅಂತೂ ಬೇಡ. ನೀರು ಕುಡಿದ ಮಣ್ಣು ಒಂದು ಅಡಿ ದಪ್ಪ ಇದ್ದರೆ ಚದರ ಮೀಟರಿಗೆ 500 ಕಿಲೋ ದಾಟುತ್ತದೆ. ಮೂರು ಅಡಿಗೆ ಒಂದೂವರೆ ಟನ್ನಿಗೂ ಹೆಚ್ಚು. ಅದರ ಮೇಲೆ ಮರದ ಭಾರ. ನಿಮ್ಮ ತಾರಸಿಯನ್ನು ಎಷ್ಟು ಭಾರಕ್ಕೆ ಕಟ್ಟಿದ್ದಾರೆ ಅನ್ನುವುದು ಬಿಲ್ಡರ್ ಹತ್ತಿರದ ಸ್ಟ್ರಕ್ಚರಲ್ ಡ್ರಾಯಿಂಗ್‌ನಲ್ಲಿ ಇರುತ್ತದೆ. ಅದನ್ನು ಕೇಳದೆ ಪ್ಲಾನ್ ತಂದಿರುವ ಕಾಂಟ್ರಾಕ್ಟರ್‌ಗೆ ತಾರಸಿ ತೋಟದ ಕೆಲಸ ಗೊತ್ತಿಲ್ಲ ಅಂತಲೇ ಲೆಕ್ಕ.

ನಿಮಗೆ ಕೀ ಕೊಟ್ಟು ಮೂರೇ ವರ್ಷ ಆಗಿದೆ, ಇದು ಒಳ್ಳೆಯ ಸುದ್ದಿ. ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯ ಪ್ರಕಾರ ಕೀ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆ ಅಥವಾ ಕೆಲಸದ ಗುಣಮಟ್ಟದ ದೋಷ ತೋರಿಸಿಕೊಟ್ಟರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಲ್ಲಿ ಸರಿಮಾಡಬೇಕು. ಸೋರಿಕೆಯ ಫೋಟೊ, ತಾರೀಖು ಸಮೇತ ಇವತ್ತೇ ಅಸೋಸಿಯೇಷನ್ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ. ಈ ನಡುವೆ ನಿಮ್ಮ ಕಾಂಟ್ರಾಕ್ಟರ್ ಗುದ್ದಲಿ ಹಾಕಿದರೆ, ವಾಟರ್‌ಪ್ರೂಫಿಂಗ್ ಹಾಳು ಮಾಡಿದ್ದು ಅವರೇ ಎಂದು ಬಿಲ್ಡರ್ ಜಾರಿಕೊಳ್ಳುತ್ತಾರೆ.

ಸೋರಿಕೆ ನಿಂತು, ನೀರು ಕಟ್ಟಿ ಎರಡು ದಿನ ನಿಲ್ಲಿಸಿ ಪರೀಕ್ಷೆ ಮಾಡಿದ ಮೇಲೆ ಬೇರು ತಡೆಯುವ ಹಾಳೆ, ನೀರು ಹರಿಯುವ ಡ್ರೈನ್ ಸೆಲ್, ಅದರ ಮೇಲೆ ಬಟ್ಟೆಯಂಥಾ ಪದರ, ಆಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಣ್ಣು. ಬಿದಿರು ಬೇಡವೇ ಬೇಡ, ಅದರ ಗಡ್ಡೆ ಎಲ್ಲಿ ಬೇಕಾದರೂ ನುಗ್ಗುತ್ತದೆ. ಅತ್ತಿ, ಆಲದ ಜಾತಿಯವೂ ಬೇಡ. ಬೇಗ ಹಸಿರಾಗುತ್ತದೆ ಅಂತ ಕೊನೊಕಾರ್ಪಸ್ ಮರ ಹಾಕಲು ಹೇಳುತ್ತಾರೆ, ಅದನ್ನೂ ಒಪ್ಪಬೇಡಿ. ಅದರ ಬೇರು ಪೈಪು, ಚರಂಡಿಗೆ ನುಗ್ಗುತ್ತದೆ, ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಕೇಪಳ, ನಂದಿಬಟ್ಟಲು, ದಾಸವಾಳ ನಿಮ್ಮ ಊರಿನವೇ, ಒಂದೂವರೆ ಅಡಿ ಮಣ್ಣಲ್ಲಿ ಚೆನ್ನಾಗಿ ಬರುತ್ತವೆ. ಮೇ ಕೊನೆಯೊಳಗೆ ತಾರಸಿಯ ಎಲ್ಲಾ ನೀರಿನ ಬಾಯಿಗಳನ್ನೂ ಬಿಚ್ಚಿ ತೊಳೆಯಬೇಕು ಅನ್ನುವ ಸಾಲು ಕರಾರಿನಲ್ಲಿ ಇರಲಿ. ನಿಮ್ಮ ಕಡೆಯ ಮಳೆಗೆ ಅದು ಬಹಳ ಮುಖ್ಯ.

ಪ್ರಶ್ನೆ: ಮೈಸೂರಿನ ನಮ್ಮ ಲೇಔಟಿನ ನಿವಾಸಿಗಳ ಸಂಘ ಪಾರ್ಕನ್ನು ಖಾಸಗಿ ಕಾಂಟ್ರಾಕ್ಟರ್‌ಗೆ ವಹಿಸಬೇಕೆಂದಿದೆ. ಒಂದು ಮೂಲೆಯಲ್ಲಿ ಸಂಘದ ಆಫೀಸಿಗೆ ಸಣ್ಣ ಕೋಣೆಯನ್ನೂ ಕಟ್ಟುವ ಯೋಚನೆ ಇದೆ.
— ಸಂಘದ ಖಜಾಂಚಿ, ಮೈಸೂರು

ಉತ್ತರ: ಮೊದಲು ಪಾರ್ಕ್ ಯಾರದ್ದು ನೋಡಿ. ಅಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಪಡೆದ ಲೇಔಟುಗಳಲ್ಲಿ ಪಾರ್ಕಿನ ಜಾಗವನ್ನು ಸಾಮಾನ್ಯವಾಗಿ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿರುತ್ತಾರೆ. ಹಾಗಿದ್ದರೆ ಅದು ಸಂಘದ ಆಸ್ತಿ ಅಲ್ಲ, ಊರಿನದು. ನಿರ್ವಹಣೆ ಮಾಡುತ್ತೇವೆ ಅಂತ ಪ್ರಾಧಿಕಾರಕ್ಕೋ ಪಾಲಿಕೆಗೋ ಅರ್ಜಿ ಕೊಟ್ಟು, ಲಿಖಿತ ಒಪ್ಪಿಗೆ ಬಂದ ಮೇಲೆ ಕಾಂಟ್ರಾಕ್ಟರ್ ಜೊತೆ ಮಾತಾಡಿ. ಕೋಣೆಯ ಯೋಚನೆ ಬಿಟ್ಟುಬಿಡಿ. ಪಾರ್ಕು, ಆಟದ ಮೈದಾನಗಳನ್ನು ಉಳಿಸಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಮಕ್ಕಳು ಆಡುವ ಜಾಗ ಆಡುವ ಜಾಗವಾಗಿಯೇ ಇರಲಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾಲಿಗಳು ಯಾವಾಗ ಬೇಕೋ ಆಗ ಔಷಧಿ ಹೊಡೆಯುತ್ತಾರೆ. ನನ್ನ ಎರಡು ವರ್ಷದ ಮಗಳು ಅದೇ ಹುಲ್ಲಲ್ಲಿ ಆಡುತ್ತಾಳೆ. ಕೇಳಿದರೆ "ಏನೂ ಆಗಲ್ಲ ಮೇಡಂ" ಅನ್ನುತ್ತಾರೆ. ಏನನ್ನು ಒಪ್ಪಬಹುದು, ಏನನ್ನು ಬೇಡ ಅನ್ನಬಹುದು?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಮ್ಮ ಆತಂಕ ಸರಿಯಾಗಿದೆ. ಕೀಟನಾಶಕದ ಡಬ್ಬಿ ತರಿಸಿ ಲೇಬಲ್ ನೋಡಿ. ಅದರ ಮೇಲೆ ಬಣ್ಣದ ಗುರುತು ಇರಲೇಬೇಕು. ಕೆಂಪು ಅಂದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಕೆಂಪು, ಹಳದಿ ಗುರುತಿನ ಡಬ್ಬಿ ಗೇಟಿನ ಒಳಗೆ ಬರಬಾರದು ಎಂದು ಕರಾರಿನಲ್ಲಿ ಬರೆಸಲು ಕಮಿಟಿಗೆ ಪತ್ರ ಕೊಡಿ. ಲೇಬಲ್ ಇಲ್ಲದ ಬಾಟಲಿಯಲ್ಲಿ, ಅದೂ ನೀರಿನ ಬಾಟಲಿಯಲ್ಲಿ ತುಂಬಿಟ್ಟಿದ್ದರೆ ಅವತ್ತೇ ನಿಲ್ಲಿಸಿ. ಮಕ್ಕಳು ಕುಡಿದುಬಿಡುವ ಅಪಾಯ ಇರುವುದು ಅಲ್ಲೇ.

ಹಿಟ್ಟು ತಿಗಣೆ, ಹೇನಿನಂಥಾ ಹುಳಕ್ಕೆ ಬೇವಿನ ಎಣ್ಣೆ, ಸೋಪಿನ ನೀರು ಬಹಳ ಮಟ್ಟಿಗೆ ಸಾಕಾಗುತ್ತದೆ. ಲಾನಿನ ಕಳೆಯನ್ನು ಕೈಯಲ್ಲೇ ಕೀಳಿಸಿ, ಕಳೆನಾಶಕ ಬೇಡ. ಏನೇ ಹೊಡೆಯುವುದಿದ್ದರೂ ಹಿಂದಿನ ದಿನವೇ ವಾಟ್ಸಾಪ್ ಗ್ರೂಪಿಗೆ ತಿಳಿಸಬೇಕು, ಹೊಡೆದ ಜಾಗಕ್ಕೆ ಹಗ್ಗ ಕಟ್ಟಬೇಕು. ಎಸ್‌ಟಿಪಿ ನೀರನ್ನೂ ಮಕ್ಕಳು ಆಡುವ ಹೊತ್ತಲ್ಲಿ ಸ್ಪ್ರಿಂಕ್ಲರ್‌ನಿಂದ ಚಿಮ್ಮಿಸಬಾರದು, ರಾತ್ರಿ ಬಿಡಲಿ. ಆಟದ ಜಾಗದ ಪಕ್ಕ ಕಣಗಿಲೆ ಇದ್ದರೆ ಬೇರೆ ಕಡೆಗೆ ಸರಿಸಿ, ಅದರ ಎಲೆ, ಹೂವು, ಕಾಂಡ ಎಲ್ಲಾ ವಿಷ.

ಇನ್ನೊಂದು ಮಾತು. ಮಗಳ ಬಗ್ಗೆ ಯೋಚಿಸುವಾಗ ಆ ಮಾಲಿಯನ್ನೂ ನೆನಪಿಡಿ. ನಿಮ್ಮ ಮಗು ಅರ್ಧ ಗಂಟೆ ಆಡುವ ಜಾಗದಲ್ಲಿ ಅವನು ದಿನಪೂರ್ತಿ ಬರಿಗೈಯಲ್ಲಿ ನಿಂತಿರುತ್ತಾನೆ. ಕೈಗವಸು, ಮಾಸ್ಕ್, ಕೈಕಾಲು ತೊಳೆಯಲು ಸೋಪು, ಬಟ್ಟೆ ಬದಲಿಸಲು ಒಂದು ಜಾಗ, ಇವಿಷ್ಟನ್ನೂ ನಿಮ್ಮ ಪತ್ರದಲ್ಲೇ ಸೇರಿಸಿ.

ಪ್ರಶ್ನೆ: ಹನ್ನೆರಡು ವರ್ಷದಿಂದ ನಮ್ಮ ಕಾಲೊನಿಯ ತೋಟ ನೋಡಿಕೊಂಡ ಮಾಲಿ ಒಬ್ಬರಿದ್ದಾರೆ. ವಯಸ್ಸು ಐವತ್ತು ದಾಟಿದೆ. ಹೊಸ ಏಜೆನ್ಸಿ ತನ್ನದೇ ಹುಡುಗರನ್ನು ತರುತ್ತದಂತೆ. ಅವರನ್ನು ಕಳಿಸಲು ಯಾರಿಗೂ ಮನಸ್ಸಿಲ್ಲ, ಏಜೆನ್ಸಿಗೆ ಹೇಳಲು ಸಂಕೋಚ.
— ಕಾಲೊನಿ ಸಂಘದ ಅಧ್ಯಕ್ಷರು, ಹುಬ್ಬಳ್ಳಿ

ಉತ್ತರ: ಸಂಕೋಚ ಯಾಕೆ? ದುಡ್ಡು ಕೊಡುವವರು ನೀವು, ಷರತ್ತು ಹಾಕುವ ಹಕ್ಕು ನಿಮ್ಮದು. ಅವರನ್ನು ಏಜೆನ್ಸಿಯ ಹಾಜರಿ ಪುಸ್ತಕಕ್ಕೆ ಸೇರಿಸಿಕೊಳ್ಳಬೇಕು, ಈಗಿನ ಸಂಬಳಕ್ಕಿಂತ ಒಂದು ರೂಪಾಯಿ ಕಡಿಮೆ ಆಗಬಾರದು, ಸಂಘದ ಒಪ್ಪಿಗೆ ಇಲ್ಲದೆ ಬೇರೆ ಸೈಟಿಗೆ ಕಳಿಸಬಾರದು ಎಂದು ಕೊಟೇಷನ್ ಕೇಳುವಾಗಲೇ ಬರೆದುಬಿಡಿ. ಮೊದಲೇ ಹೇಳಿದರೆ ಯಾರೂ ತಕರಾರು ಮಾಡುವುದಿಲ್ಲ. ಹಳೆಯ ವರ್ಷಗಳ ಬಾಕಿ ಏನಾದರೂ ಇದ್ದರೆ ಸಂಘವೇ ಲೆಕ್ಕ ಮಾಡಿ ಅವರ ಕೈಗೆ ಕೊಡಬೇಕು, ಅದನ್ನು ಏಜೆನ್ಸಿಯ ತಲೆಗೆ ಕಟ್ಟಬಾರದು.

ಗುಂಡಿ ತೋಡುವ, ಮೂಟೆ ಹೊರುವ ಕೆಲಸ ಹುಡುಗರು ಮಾಡಲಿ. ನೀರು ಬಿಡುವುದು, ಕತ್ತರಿ ಕೆಲಸ, ಸಸಿ ಮಾಡುವುದು ಅವರಿಗಿರಲಿ. ಹೊಸ ಗುತ್ತಿಗೆ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಅವರ ಜೊತೆ ತೋಟ ಸುತ್ತಿ, ಯಾವ ಪೈಪು ಎಲ್ಲಿ ಹೂತಿದೆ, ಯಾವ ಮರಕ್ಕೆ ಯಾವ ತಿಂಗಳು ಹುಳ ಬೀಳುತ್ತದೆ ಅಂತ ಅವರು ಹೇಳುವುದನ್ನೆಲ್ಲಾ ಬರೆದುಕೊಳ್ಳಿ. ನಿಮ್ಮ ಕಾಲೊನಿಯ ಬೇರೆ ಯಾವ ಫೈಲಿನಲ್ಲೂ ಅದು ಇಲ್ಲ.